ಸೌದೆ ಕೊಯ್ಯುವ ಚೈನ್‌ಸಾ ಮತ್ತು ಕಾಲುಗವಚ: ಜೀನ್ಸ್ ಪ್ಯಾಂಟು, ಗೋಣಿಚೀಲ ಸಾಕಾಗುತ್ತದೆಯೇ?

ತೋಟದಮನೆ (ಸಾಗರ) ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮದು ಸಾಗರ ತಾಲ್ಲೂಕಿನಲ್ಲಿರುವ ಅಡಿಕೆ ತೋಟ. ಅಡಿಕೆ ಬೇಯಿಸುವ ಒಲೆಗೂ ಬಚ್ಚಲ ಹಂಡೆಗೂ ವರ್ಷಕ್ಕೆ ಬೇಕಾಗುವಷ್ಟು ಸೌದೆಯನ್ನು ಶಿವರಾತ್ರಿ ಕಳೆದ ಮೇಲೆ ಕೊಯ್ದು, ಸೀಳಿ, ಮಳೆ ಹಿಡಿಯುವ ಮೊದಲು ಕೊಟ್ಟಿಗೆ ಸೇರಿಸುವುದು ನಮ್ಮಲ್ಲಿ ನಡೆದು ಬಂದ ಪದ್ಧತಿ. ಕೊಡಲಿ ಹಿಡಿಯುವವರು ಈಗ ಸಿಗುವುದಿಲ್ಲವಾದ್ದರಿಂದ 58 ಸಿ.ಸಿ. ಎಂಜಿನ್ನಿನ, 22 ಇಂಚು ಬಾರ್ (ಚೈನು ಸುತ್ತಿ ಓಡುವ ಉದ್ದನೆಯ ಪಟ್ಟಿ) ಇರುವ ಪೆಟ್ರೋಲ್ ಚೈನ್‌ಸಾ ಒಂದನ್ನು ಆನ್‌ಲೈನಿನಲ್ಲಿ ತರಿಸಿದ್ದೇನೆ. ಯಂತ್ರದ ಜೊತೆಗೆ ಸ್ಪ್ಯಾನರು, ಅರ, ಎಣ್ಣೆ ಬೆರೆಸುವ ಬಾಟಲಿ ಎಲ್ಲವೂ ಬಂದವು. ಮೈಮೇಲೆ ಹಾಕಿಕೊಳ್ಳುವಂಥದ್ದು ಒಂದೂ ಬರಲಿಲ್ಲ.

ಯಂತ್ರವನ್ನು ಸ್ವಲ್ಪ ಹೊತ್ತು ನಾನು ನಡೆಸುತ್ತೇನೆ. ಹೆಚ್ಚಿನ ಕೆಲಸವನ್ನು ಊರಿನವರೊಬ್ಬರು ಕೂಲಿಗೆ ಬಂದು ಮಾಡಿಕೊಡುತ್ತಾರೆ. ಅವರು ಕೈಪಳಗಿದವರೇ. ಆದರೆ ಮೊಣಕಾಲಿನ ಮೇಲೆ ಎತ್ತಿ ಕಟ್ಟಿದ ಲುಂಗಿ ಮತ್ತು ಹವಾಯಿ ಚಪ್ಪಲಿ, ಇಷ್ಟೇ ಅವರ ಉಡುಪು. ಕುಂಟೆ (ಮರದ ದಿಮ್ಮಿ) ಉರುಳದಂತೆ ಎಡಗಾಲಿನಿಂದ ಮೆಟ್ಟಿ ಹಿಡಿದು, ಆ ಪಾದದಿಂದ ಒಂದು ಗೇಣು ದೂರದಲ್ಲಿ ಕೊಯ್ಯುತ್ತಾರೆ. ಅದನ್ನು ನೋಡುತ್ತ ನಿಲ್ಲುವುದೇ ನನಗೆ ಕಷ್ಟವಾಗಿದೆ.

ಕಾಲಿಗೆ ಕಟ್ಟಿಕೊಳ್ಳುವ ಕವಚ ಸಿಗುತ್ತದೆ, ಅದನ್ನು ಚಾಪ್ಸ್ ಎನ್ನುತ್ತಾರೆ ಎಂದು ಓದಿದೆ. ಬೆಲೆ ವಿಚಾರಿಸಿದರೆ ಅಗ್ಗದ ಯಂತ್ರದ ಬೆಲೆಗೇ ಹತ್ತಿರ ಬರುತ್ತದೆ. ದಪ್ಪ ಜೀನ್ಸ್ ಪ್ಯಾಂಟಿನ ಮೇಲೆ ಗೋಣಿಚೀಲ ಸುತ್ತಿಕೊಂಡರೆ ಸಾಕು ಎಂದು ಕೆಲವರು ಹೇಳುತ್ತಾರೆ. ಕಳೆ ಕೊಚ್ಚುವ ಯಂತ್ರಕ್ಕೆಂದು ತಂದ ಪ್ಲಾಸ್ಟಿಕ್ ಲೆಗ್ ಗಾರ್ಡ್ ನಮ್ಮಲ್ಲಿ ಆಗಲೇ ಇದೆ. ಅದನ್ನೇ ಇದಕ್ಕೂ ಬಳಸಬಹುದೇ? ಚಾಪ್ಸನ್ನೇ ಕೊಳ್ಳುವುದಾದರೆ ಅದರ ಮೇಲಿನ ದರ್ಜೆ, ಸಂಖ್ಯೆಗಳನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು? ಮಾರ್ಚ್, ಏಪ್ರಿಲ್ ತಿಂಗಳ ಸೆಕೆಯಲ್ಲಿ ಅದನ್ನು ಹಾಕಿಕೊಂಡು ಕೆಲಸ ಮಾಡಲು ಆಗುತ್ತದೆಯೇ? ಅನುಭವ ಇರುವವರು ದಯವಿಟ್ಟು ತಿಳಿಸಬೇಕು.

ಕಾಫಿಬೆಟ್ಟ (ಕೊಡಗು) ಬರೆದ ಉತ್ತರ

ನಮ್ಮ ತೋಟದಲ್ಲಿ ಸಿಲ್ವರ್ ಓಕ್ ಕೊಯ್ಯುವುದಕ್ಕೂ ನೆರಳಿನ ಮರಗಳ ಕೊಂಬೆ ಇಳಿಸುವುದಕ್ಕೂ ಚೈನ್‌ಸಾ ಬಳಸುತ್ತ ಬಂದಿದ್ದೇವೆ. ನಿಮ್ಮ ಪ್ರಶ್ನೆಗಳಲ್ಲಿ ಮೊದಲಿನ ಎರಡಕ್ಕೆ ನೇರ ಉತ್ತರ ಇದೆ: ಜೀನ್ಸ್ ಸಾಲದು, ಗೋಣಿಚೀಲ ಸಾಲದು, ಕಳೆ ಕೊಚ್ಚುವ ಯಂತ್ರದ ಗಾರ್ಡ್ ಕೂಡ ಸಾಲದು.

ಲೆಕ್ಕ ಹಾಕಿ ನೋಡಿ. ನೀವು ಹೇಳಿದಂಥ ಯಂತ್ರಗಳಲ್ಲಿ ಸಾಮಾನ್ಯವಾಗಿ 0.325 ಇಂಚು ಪಿಚ್‌ನ (ಕೊಂಡಿಗಳ ಅಂತರದ ಅಳತೆ) ಚೈನು ಮತ್ತು ಅದನ್ನು ಓಡಿಸುವ ಏಳು ಹಲ್ಲಿನ ಚಕ್ರ, ಅಂದರೆ ಸ್ಪ್ರಾಕೆಟ್, ಇರುತ್ತವೆ. ಮರ ಕೊಯ್ಯುವಾಗ ಎಂಜಿನ್ ನಿಮಿಷಕ್ಕೆ 9,000 ಸುತ್ತು ತಿರುಗುತ್ತಿದೆ ಎಂದಿಟ್ಟುಕೊಂಡರೆ ಚೈನು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಕೊಯ್ಯುವ ಹಲ್ಲುಗಳು ಸುಮಾರು 3.3 ಸೆಂಟಿಮೀಟರಿಗೆ ಒಂದರಂತೆ ಇರುವುದರಿಂದ ಒಂದು ಸೆಕೆಂಡಿನಲ್ಲಿ ಐನೂರರಷ್ಟು ಹಲ್ಲುಗಳು ಒಂದೇ ಜಾಗವನ್ನು ಹಾದುಹೋಗುತ್ತವೆ. ಕೈ ಜಾರಿತು ಎಂಬುದು ನಮ್ಮ ಮನಸ್ಸಿಗೆ ಹೊಳೆದು ಥ್ರಾಟಲ್ ಬಿಡುವಷ್ಟರಲ್ಲಿ ನೂರಕ್ಕೂ ಹೆಚ್ಚು ಹಲ್ಲುಗಳು ತಮ್ಮ ಕೆಲಸ ಮುಗಿಸಿರುತ್ತವೆ. ಇದರ ಮುಂದೆ ಜೀನ್ಸ್ ಬಟ್ಟೆ ಎಷ್ಟು ದಪ್ಪವಿದ್ದರೂ ಅಷ್ಟೇ. ಗೋಣಿಚೀಲದ ವಿಷಯ ಇನ್ನೂ ಕೆಟ್ಟದ್ದು. ಸಡಿಲವಾಗಿ ಸುತ್ತಿದ ಸೆಣಬು ಚೈನಿಗೆ ಸಿಕ್ಕಿದರೆ ಯಂತ್ರವನ್ನು ಕಾಲಿನ ಕಡೆಗೇ ಎಳೆದುಕೊಳ್ಳಬಹುದು. ಲುಂಗಿಗೂ ಇದೇ ಮಾತು ಅನ್ವಯಿಸುತ್ತದೆ.

ಚಾಪ್ಸ್ ಕೆಲಸ ಮಾಡುವ ರೀತಿಯೇ ಬೇರೆ. ಅದು ಹಲ್ಲಿಗೆ ಎದುರು ನಿಂತು ತಡೆಯುವ ಗಟ್ಟಿ ಪದರವಲ್ಲ. ಹೊರಬಟ್ಟೆಯ ಒಳಗೆ ಪಾಲಿಯೆಸ್ಟರ್, ಪಾಲಿಪ್ರೊಪಿಲೀನ್, ಅರಾಮಿಡ್ ಮೊದಲಾದ ಗಟ್ಟಿ ನಾರುಗಳ ಉದ್ದನೆಯ ಎಳೆಗಳನ್ನು ಹಲವು ಪದರಗಳಲ್ಲಿ, ಬೇಕೆಂದೇ ಸಡಿಲವಾಗಿ ಹರಡಿರುತ್ತಾರೆ. ಚೈನು ತಗುಲಿದಾಗ ಹೊರಬಟ್ಟೆ ಕ್ಷಣದಲ್ಲಿ ಹರಿಯುತ್ತದೆ, ಅದು ಹರಿಯಲೇಬೇಕು. ಆಗ ಒಳಗಿನ ಎಳೆಗಳನ್ನು ಹಲ್ಲುಗಳು ಕಿತ್ತು ಎಳೆದುಕೊಂಡು ಹೋಗುತ್ತವೆ. ಆ ಎಳೆಗಳು ಬಾರಿನ ಅಂಚಿನಲ್ಲಿ ಚೈನು ಓಡುವ ಸೀಳಿನಲ್ಲಿಯೂ ಸ್ಪ್ರಾಕೆಟ್ಟಿನ ಸುತ್ತಲೂ ಗಂಟುಗಂಟಾಗಿ ಸುತ್ತಿಕೊಂಡು ಚೈನನ್ನು ಕಚ್ಚಿ ನಿಲ್ಲಿಸಿಬಿಡುತ್ತವೆ. ಕ್ಲಚ್ ಜಾರುತ್ತದೆ ಅಥವಾ ಎಂಜಿನ್ ಆಫ್ ಆಗುತ್ತದೆ. ಕಳೆ ಕೊಚ್ಚುವ ಯಂತ್ರದ ಗಾರ್ಡಿನಲ್ಲಿ ಇಂಥ ಎಳೆಗಳು ಇರುವುದಿಲ್ಲ. ಅದನ್ನು ಮಾಡಿರುವುದು ಹಾರಿ ಬರುವ ಕಲ್ಲು, ಕಡ್ಡಿಗಳ ಪೆಟ್ಟು ತಡೆಯಲು. ಬ್ಲೇಡಿನ ಗಾಯ ತಡೆಯುತ್ತವೆ ಎನ್ನುವ ಕೈಗವಸು, ಚರ್ಮದ ಏಪ್ರನ್ ಇವುಗಳನ್ನೂ ಇದಕ್ಕೆ ನಂಬಬಾರದು.

ಕೊಳ್ಳುವಾಗ ಒಳಗೆ ಹೊಲಿದಿರುವ ಪಟ್ಟಿಯನ್ನು ಓದಿ. ಗುರಾಣಿಯ ಆಕಾರದೊಳಗೆ ಚೈನ್‌ಸಾ ಚಿತ್ರ, ಅದರ ಪಕ್ಕದಲ್ಲಿ ಇಎನ್ 381-5 ಅಥವಾ ಈಚಿನ ಇಎನ್ ಐಎಸ್‌ಒ 11393-2 ಎಂಬ ಮಾನಕ ಸಂಖ್ಯೆ, ಜೊತೆಗೆ ದರ್ಜೆ ಇರಬೇಕು. ದರ್ಜೆ ಎಂದರೆ ಪರೀಕ್ಷೆಯಲ್ಲಿ ಎಷ್ಟು ವೇಗದ ಚೈನನ್ನು ಅದು ನಿಲ್ಲಿಸಿದೆ ಎಂಬ ಲೆಕ್ಕ. ಶೂನ್ಯ ದರ್ಜೆಗೆ ಸೆಕೆಂಡಿಗೆ 16 ಮೀಟರ್, ಒಂದನೆಯದಕ್ಕೆ 20, ಎರಡನೆಯದಕ್ಕೆ 24, ಮೂರನೆಯದಕ್ಕೆ 28. ಅಮೆರಿಕದ ಮಾಲಾದರೆ ಎಎಸ್‌ಟಿಎಂ ಎಫ್ 1897 ಎಂದಿರುತ್ತದೆ. ಇವು ಯಾವುವೂ ಇಲ್ಲದೆ ‘ಹೆವಿ ಡ್ಯೂಟಿ’ ಎಂದಷ್ಟೇ ಬರೆದಿದ್ದರೆ ಆ ವಸ್ತುವನ್ನು ಅಂಗಡಿಯಲ್ಲಿಯೇ ಬಿಟ್ಟು ಬನ್ನಿ.

ಮರ ಕೊಯ್ಯುವ ವೇಗಕ್ಕೆ ಒಂದನೆಯ ದರ್ಜೆ ಹೊಂದುತ್ತದೆ. ಆದರೆ ಮರಕ್ಕೆ ತಾಗಿಸದೆ ಪೂರ್ತಿ ಥ್ರಾಟಲ್ ಒತ್ತಿ ಹಿಡಿದರೆ, 12,000 ಸುತ್ತಿಗೆ ಅದೇ ಚೈನು ಸೆಕೆಂಡಿಗೆ 23 ಮೀಟರ್ ದಾಟುತ್ತದೆ; ಒಂದನೆಯ ದರ್ಜೆಯ ಖಾತರಿ ಅಲ್ಲಿಗೆ ಮುಗಿಯಿತು. ಗಾಳಿಯಲ್ಲಿ ರೇಸ್ ಮಾಡುತ್ತ ಒಂದು ಕುಂಟೆಯಿಂದ ಇನ್ನೊಂದಕ್ಕೆ ಹೋಗುವ ಅಭ್ಯಾಸ ಕೆಲವರಿಗೆ ಇದೆ. ಶಬ್ದ ಕೇಳಲು ಅವರಿಗೆ ಇಷ್ಟವೋ ಏನೋ!

ಸೆಕೆಯ ಬಗ್ಗೆ ಕೇಳಿದ್ದೀರಿ. ಪ್ಯಾಂಟಿನಂತೆ ತೊಡುವ ಮಾದರಿಗಿಂತ, ಸೊಂಟಕ್ಕೆ ಬಿಗಿದು ಹಿಂದಿನಿಂದ ಬಕಲ್ ಹಾಕುವ ಏಪ್ರನ್ ಮಾದರಿಯಲ್ಲಿ ತೊಡೆಯ ಹಿಂಭಾಗ ತೆರೆದಿರುವುದರಿಂದ ಗಾಳಿ ಆಡುತ್ತದೆ. ನಮ್ಮ ಹವೆಗೆ ಅದೇ ವಾಸಿ. ಆದರೆ ಮೀನಖಂಡದ ಬಕಲ್‌ಗಳನ್ನು ಬಿಡದೆ ಹಾಕಬೇಕು. ಇಲ್ಲದಿದ್ದರೆ ಚೈನು ತಗುಲಿದ ರಭಸಕ್ಕೆ ಕವಚವೇ ಪಕ್ಕಕ್ಕೆ ತಿರುಗಿ ಕಾಲು ಬಯಲಾಗುತ್ತದೆ. ಕೆಳಗಿನ ಅಂಚು ಬೂಟಿನ ಮೇಲ್ಭಾಗವನ್ನು ಮುಚ್ಚುವಷ್ಟು ಉದ್ದ ಇರಲಿ.

ಹಳೆಕೊಡಲಿ (ತೀರ್ಥಹಳ್ಳಿ) ಬರೆದ ಉತ್ತರ

ಮೇಲಿನವರು ಹೇಳಿದ ಲೆಕ್ಕಾಚಾರವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ ಒಂದು ಮಾತನ್ನು ಹೇಳದಿದ್ದರೆ ತಪ್ಪಾಗುತ್ತದೆ. ಬಹುಕಾಲದಿಂದ ಚೈನ್‌ಸಾ ಹಿಡಿದಿರುವ ನನಗೆ ಕಂಡಂತೆ, ಕವಚ ಕಟ್ಟಿಕೊಂಡವನಿಗೆ ಬರುವ ಹುಂಬ ಧೈರ್ಯ ಕವಚವಿಲ್ಲದವನ ಭಯಕ್ಕಿಂತ ಅಪಾಯಕಾರಿ. ಬೆಟ್ಟದ ಇಳಿಜಾರಿನಲ್ಲಿ, ದರಕಿನ (ಒಣಗಿದ ಎಲೆಗಳ) ಮೇಲೆ ಕಾಲು ಜಾರುವ ಜಾಗದಲ್ಲಿ, ಲಂಟಾನ ಪೊದೆಯ ನಡುವೆ ಈ ದಪ್ಪ ಬಟ್ಟೆ ಕಟ್ಟಿಕೊಂಡು ಓಡಾಡುವುದು ಸುಲಭವಲ್ಲ. ಬೀಳುವ ಮರದಿಂದ ದೂರ ಸರಿಯಬೇಕಾದಾಗ ಅದು ಮುಳ್ಳಿಗೆ ಸಿಕ್ಕಿಕೊಂಡರೆ ಏನು ಗತಿ?

ಕಾಲು ಉಳಿಯುವುದು ನಿಂತುಕೊಳ್ಳುವ ರೀತಿಯಿಂದ. ಯಂತ್ರದ ಎಡಬದಿಗೆ ನಿಂತು, ಎಡಗೈಯ ಹೆಬ್ಬೆರಳನ್ನು ಮುಂದಿನ ಹಿಡಿಯ ಕೆಳಗಿನಿಂದ ಸುತ್ತಿ ಹಿಡಿದು, ಕುಂಟೆಯನ್ನು ಕೊಯ್ದು ಮುಗಿದ ಮೇಲೆ ಬಾರು ಕೆಳಗಿಳಿಯುವ ದಾರಿಯಲ್ಲಿ ಎರಡು ಕಾಲುಗಳೂ ಇಲ್ಲದಂತೆ ನೋಡಿಕೊಂಡರೆ ಅರ್ಧ ಅಪಾಯ ಅಲ್ಲಿಗೇ ಕಳೆಯುತ್ತದೆ. ಕೊಡಲಿಯ ಕಾಲದಿಂದ ಬಂದ ಅಭ್ಯಾಸದಿಂದ ನಮ್ಮವರು ಕುಂಟೆಯನ್ನು ಕಾಲಿನಿಂದ ಮೆಟ್ಟುತ್ತಾರೆ. ಕೊಡಲಿಯ ಏಟು ಎಲ್ಲಿ ಬೀಳುತ್ತದೆ ಎಂಬುದನ್ನು ಹೊಡೆಯುವವನೇ ನಿರ್ಧರಿಸುತ್ತಾನೆ. ಚೈನು ಕೊನೆಯ ಎಳೆ ಕಡಿದ ಮೇಲೆ ಯಂತ್ರ ತನ್ನ ಭಾರಕ್ಕೆ ಎಲ್ಲಿಗೆ ಇಳಿಯುತ್ತದೆಂದು ಯಾರೂ ನಿರ್ಧರಿಸಲಾರರು. ಕವಚಕ್ಕೆ ಹಣ ಹಾಕುವ ಮೊದಲು ಆ ಕಾಲನ್ನು ಕುಂಟೆಯಿಂದ ಇಳಿಸುವುದನ್ನು ಕಲಿಸಿ ಎಂಬುದು ನನ್ನ ಸಲಹೆ.

ರಿಪೇರಿ ಅಂಗಡಿ (ಶಿರಸಿ) ಬರೆದ ಉತ್ತರ

ಹಿರಿಯರು ಹೇಳಿದ ನಿಲುವಿನ ಮಾತು ಸರಿಯಾಗಿಯೇ ಇದೆ, ಆದರೆ ಅದನ್ನು ಕವಚಕ್ಕೆ ಬದಲಿಯಾಗಿ ಇಟ್ಟದ್ದು ನನಗೆ ಒಪ್ಪಿಗೆಯಾಗಲಿಲ್ಲ. ನಿಲುವು ಮನುಷ್ಯ ದಣಿಯದೆ ಇರುವವರೆಗೆ ಕಾಯುತ್ತದೆ. ಸಂಜೆ, ಇನ್ನೊಂದು ನಾಲ್ಕು ತುಂಡು ಮುಗಿಸಿಬಿಡೋಣ ಎನ್ನುವ ಹೊತ್ತಿಗೆ ಕಾಯಬೇಕಾದದ್ದು ಬೇರೆ ಏನಾದರೂ ಇರಬೇಕಲ್ಲವೇ? ಇಳಿಜಾರಿನಲ್ಲಿ ಮರ ಬೀಳಿಸುವ ಕೆಲಸದ ತೊಡಕು ಬೇರೆ. ಇಲ್ಲಿ ಕೇಳಿರುವುದು ಅಂಗಳದಲ್ಲಿಯೋ ಬೆಟ್ಟದ ಅಂಚಿನಲ್ಲಿಯೋ ರಾಶಿ ಹಾಕಿದ ಸೌದೆ ಕೊಯ್ಯುವುದರ ಬಗ್ಗೆ. ಅಲ್ಲಿ ಕವಚ ಹಾಕಿಕೊಳ್ಳದಿರಲು ಕಾರಣವೇ ಇಲ್ಲ.

ರಿಪೇರಿಗೆ ಬರುವ ಯಂತ್ರಗಳಲ್ಲಿ ನಾನು ಮೊದಲು ನೋಡುವುದು ಎಂಜಿನ್ನನ್ನಲ್ಲ, ಥ್ರಾಟಲ್ ಬಿಟ್ಟ ಮೇಲೆ ಚೈನು ನಿಲ್ಲುತ್ತದೆಯೇ ಎಂಬುದನ್ನು. ಐಡಲ್ (ಥ್ರಾಟಲ್ ಒತ್ತದಿರುವಾಗಿನ ಎಂಜಿನ್ ವೇಗ) ಜಾಸ್ತಿ ಇಟ್ಟಿದ್ದರೆ ಕೈಬಿಟ್ಟ ಮೇಲೂ ಚೈನು ನಿಧಾನವಾಗಿ ತೆವಳುತ್ತಲೇ ಇರುತ್ತದೆ. ಯಂತ್ರವನ್ನು ತೊಡೆಯ ಪಕ್ಕದಲ್ಲಿ ಇಳಿಬಿಟ್ಟುಕೊಂಡು ನಾಲ್ಕು ಹೆಜ್ಜೆ ನಡೆಯುವಾಗ ಆಗುವ ಗಾಯಗಳಿಗೆ ಇದೇ ಮೂಲ. ಐಡಲ್ ಸ್ಕ್ರೂವನ್ನು ಚೈನು ನಿಲ್ಲುವವರೆಗೆ ಹಿಂದಕ್ಕೆ ತಿರುಗಿಸಿ. ಅಷ್ಟಕ್ಕೆ ಎಂಜಿನ್ನೇ ಆಫ್ ಆಗುವುದಾದರೆ ಕಾರ್ಬುರೇಟರ್ ಅಥವಾ ಕ್ಲಚ್ ಸ್ಪ್ರಿಂಗ್ ತೋರಿಸಬೇಕು. ಜಾಗ ಬದಲಾಯಿಸುವಾಗ ಮುಂದಿನ ಹ್ಯಾಂಡ್ ಗಾರ್ಡನ್ನು ಮುಂದಕ್ಕೆ ತಳ್ಳಿ ಚೈನ್ ಬ್ರೇಕ್ ಹಾಕುವುದು ಒಂದು ಬೆರಳಿನ ಕೆಲಸ. ಆ ಬ್ರೇಕಿನ ಪಟ್ಟಿ ಸವೆದಿದೆ, ಇಲ್ಲವೇ ಮರದ ಪುಡಿ ಮತ್ತು ಎಣ್ಣೆ ಸೇರಿ ಅದನ್ನು ಜಡ್ಡುಗಟ್ಟಿಸಿದೆ ಎಂದರೆ ಅದು ಕ್ಲಿಕ್ ಎಂದು ಶಬ್ದ ಮಾಡುತ್ತದೆಯೇ ಹೊರತು ಚೈನನ್ನು ಹಿಡಿಯುವುದಿಲ್ಲ.

22 ಇಂಚಿನ ಬಾರಿನ ಬಗ್ಗೆಯೂ ಹೇಳಬೇಕು. ಒಲೆ ಸೌದೆಗೆ ಅಷ್ಟು ಉದ್ದ ಅಗತ್ಯವಿಲ್ಲ. ಬಾರಿನ ತುದಿ ಆಚೆಗೆ ಚಾಚಿಕೊಂಡು, ಅದರ ಮೇಲಿನ ಕಾಲುಭಾಗ ಹಿಂದಿನ ಕುಂಟೆಗೆ ತಾಗಿದರೆ ಯಂತ್ರ ಎಗರಿ ಮುಖದ ಕಡೆಗೆ ಬರುತ್ತದೆ. ಇದೇ ಕಿಕ್‌ಬ್ಯಾಕ್. ಅದಕ್ಕೆ ಯಾವ ಚಾಪ್ಸೂ ಉತ್ತರವಲ್ಲ. 16 ಅಥವಾ 18 ಇಂಚಿನ ಬಾರು, ಅದಕ್ಕೆ ಹೊಂದುವ ಚೈನು ಹಾಕಿಸಿಕೊಂಡರೆ ಯಂತ್ರ ಹಗುರವಾಗುತ್ತದೆ, ತುದಿ ಕಣ್ಣಿನ ಅಳತೆಯಲ್ಲಿ ಇರುತ್ತದೆ.

ಕುಂಟೆ ಮೆಟ್ಟುವ ಅಭ್ಯಾಸ ಬಿಡಿಸಲು ಬುದ್ಧಿಮಾತಿಗಿಂತ ಕತ್ತರಿಗಾಲಿನ ಅಡ್ಡೆ ಒಳ್ಳೆಯದು. ತೋಟದ ಅಕೇಶಿಯಾ ಗಳುಗಳಿಂದ ಎರಡು ಗುಣಾಕಾರ ಚಿಹ್ನೆಗಳನ್ನು ಮಾಡಿ, ನಡುವೆ ಅಡ್ಡಪಟ್ಟಿ ಹೊಡೆದು, ಸೊಂಟಕ್ಕಿಂತ ಸ್ವಲ್ಪ ಕೆಳಗೆ ಬರುವ ಎತ್ತರಕ್ಕೆ ನಿಲ್ಲಿಸಿದರೆ ಆಯಿತು. ಕೊಯ್ಯುವ ಜಾಗ ಅಡ್ಡೆಯ ಹೊರಗೆ ಬರುವಂತೆ ಕುಂಟೆಯನ್ನು ಇಟ್ಟರೆ ತುಂಡು ತಾನಾಗಿ ಕೆಳಗೆ ಬೀಳುತ್ತದೆ, ಚೈನು ಹಿಡಿದುಕೊಳ್ಳುವುದಿಲ್ಲ, ಬೆನ್ನಿಗೂ ಸುಖ. ಅಡ್ಡೆಗೆ ಮೊಳೆ ಹೊಡೆಯುವುದಾದರೆ ಕೊಯ್ಯುವ ಬದಿಯಿಂದ ದೂರ ಹೊಡೆಯಿರಿ. ಮೊಂಡಾದ ಚೈನಿನಲ್ಲಿ ಒತ್ತಿ ಒತ್ತಿ ಕೊಯ್ಯುವವನ ಭಾರವೆಲ್ಲ ಯಂತ್ರದ ಮೇಲೆ ಬಿದ್ದಿರುತ್ತದೆ. ತುಂಡಾದ ತಕ್ಷಣ ಆ ಭಾರವೇ ಯಂತ್ರವನ್ನು ಮೊಣಕಾಲಿಗೆ ತರುತ್ತದೆ. ಪುಡಿ ಹಿಟ್ಟಿನಂತೆ ಬರತೊಡಗಿದರೆ ಅರ ಹಿಡಿಯಿರಿ, 0.325 ಚೈನಿಗೆ 4.8 ಮಿಲಿಮೀಟರಿನ ಉರುಟು ಅರ.

ನೆಕ್ಕರ್ ತೀರ (ಜರ್ಮನಿ) ಬರೆದ ಉತ್ತರ

ನಾನು ಮೂಲತಃ ಯಲ್ಲಾಪುರದ ಕಡೆಯವನು, ಈಗ ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರದ ಹಳ್ಳಿಯೊಂದರಲ್ಲಿ ಇದ್ದೇನೆ. ಇಲ್ಲಿ ಮನೆ ಬಿಸಿ ಮಾಡಲು ಸೌದೆ ಉರಿಸುವವರು ಬಹಳ ಮಂದಿ ಇದ್ದಾರೆ. ಸರ್ಕಾರಿ ಮತ್ತು ಊರೊಟ್ಟಿನ ಕಾಡುಗಳಲ್ಲಿ ಅರಣ್ಯ ಇಲಾಖೆಯವರು ದಿಮ್ಮಿಗಳನ್ನು ದಾರಿಯ ಬದಿಗೆ ಎಳೆದು ಹಾಕಿ ಮಾರುತ್ತಾರೆ, ಕೊಂಡವರು ಅಲ್ಲಿಯೇ ತುಂಡು ಮಾಡಿ ಒಯ್ಯುತ್ತಾರೆ. ಆದರೆ ಆ ಕಾಡುಗಳಲ್ಲಿ ಚೈನ್‌ಸಾ ಹಿಡಿಯಬೇಕಾದರೆ ತರಬೇತಿಯ ಪ್ರಮಾಣಪತ್ರ ತೋರಿಸಬೇಕು. ಸಾಮಾನ್ಯವಾಗಿ ಎರಡು ದಿನಗಳ ತರಬೇತಿ. ಒಂದು ದಿನ ಪಾಠ, ಇನ್ನೊಂದು ದಿನ ಕಾಡಿನಲ್ಲಿ ಕೆಲಸ. ಕವಚದ ಪ್ಯಾಂಟು, ಬೂಟು, ಕಿವಿ ಮತ್ತು ಮುಖದ ರಕ್ಷಣೆ ಇರುವ ಹೆಲ್ಮೆಟ್ ಇಲ್ಲದೆ ಕೆಲಸಕ್ಕೆ ಇಳಿಯುವಂತಿಲ್ಲ. ಒಬ್ಬನೇ ಇದ್ದಾಗ ಯಂತ್ರ ನಡೆಸುವಂತೆಯೂ ಇಲ್ಲ.

ನಮಗೆ ತರಬೇತಿಯಲ್ಲಿ ತೋರಿಸಿದ ಒಂದು ಪ್ರಯೋಗವನ್ನು ಇಲ್ಲಿ ಹೇಳಿದರೆ ಎಳೆಗಳ ಮಾತು ಸ್ಪಷ್ಟವಾದೀತು. ಹಳೆಯ ಕವಚದ ಪ್ಯಾಂಟಿನ ಒಂದು ಕಾಲನ್ನು ತೊಡೆಯ ಗಾತ್ರದ ಕುಂಟೆಗೆ ತೊಡಿಸಿ, ಪೂರ್ತಿ ವೇಗದಲ್ಲಿದ್ದ ಚೈನನ್ನು ಅದರ ಮೇಲೆ ಇಳಿಸಿದರು. ಕೊಯ್ಯುವ ಶಬ್ದವೇ ಕೇಳಲಿಲ್ಲ. ಎಂಜಿನ್ ಒಮ್ಮೆ ಮುಕ್ಕರಿಸಿ ಸುಮ್ಮನಾಯಿತು. ಬಟ್ಟೆಯಲ್ಲಿ ಅಂಗೈ ಅಗಲದ ಸೀಳು, ಅದರೊಳಗಿನಿಂದ ಮೊಳದುದ್ದದ ಬಿಳಿಯ ಎಳೆಗಳು ಹೊರಬಂದು ಬಾರಿನುದ್ದಕ್ಕೂ ಬಿಗಿದುಕೊಂಡಿದ್ದವು. ಪಕ್ಕದ ಮುಚ್ಚಳ ಬಿಚ್ಚಿದಾಗ ಸ್ಪ್ರಾಕೆಟ್ಟೇ ಕಾಣಿಸದಷ್ಟು ನಾರು ಸುತ್ತಿತ್ತು. ಅದನ್ನು ಚಿಮಟದಿಂದ ಎಳೆದು, ಚಾಕುವಿನಿಂದ ಕತ್ತರಿಸಿ ತೆಗೆಯಲು ಬಹಳ ಹೊತ್ತು ಹಿಡಿಯಿತು. ಒಳಗಿನ ಕುಂಟೆಯ ತೊಗಟೆಗೆ ಗೀರು ಸಹ ಬಿದ್ದಿರಲಿಲ್ಲ. ಆ ಪ್ಯಾಂಟನ್ನು ಅವರು ಆ ಕ್ಷಣವೇ ಕಸಕ್ಕೆ ಹಾಕಿದರು. ಎಳೆ ಹೊರಬಂದ ಕವಚಕ್ಕೆ ಎರಡನೆಯ ಬಾರಿ ಕಾಯುವ ಶಕ್ತಿ ಇಲ್ಲ.

ಬ್ಯಾಟರಿ ಅಥವಾ ಕರೆಂಟಿನ ಚೈನ್‌ಸಾ ಕೊಂಡರೆ ಈ ಗೊಡವೆಯೇ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಪೆಟ್ರೋಲ್ ಎಂಜಿನ್ನಿನಲ್ಲಿ ಚೈನು ಕಚ್ಚಿಕೊಂಡಾಗ ಕ್ಲಚ್ ಜಾರುತ್ತದೆ. ವಿದ್ಯುತ್ ಮೋಟಾರು ತಡೆ ಬಿದ್ದಾಗಲೂ ಜೋರಾಗಿ ತಿರುಗಿಸುತ್ತಲೇ ಇರುತ್ತದೆ. ಆದ್ದರಿಂದ ಎಷ್ಟೋ ಕವಚಗಳ ತಯಾರಕರು ವಿದ್ಯುತ್ ಯಂತ್ರಕ್ಕೆ ಖಾತರಿ ಕೊಡುವುದಿಲ್ಲ. ಪಟ್ಟಿಯಲ್ಲಿಯೋ ಕೈಪಿಡಿಯಲ್ಲಿಯೋ ಅದನ್ನು ಓದಿ ನೋಡಬೇಕು. ಕವಚದ ವಿನ್ಯಾಸಕ್ಕೆ ಎ, ಬಿ, ಸಿ ಎಂದೂ ಹೆಸರಿದೆ. ಎ ಮುಖ್ಯವಾಗಿ ಮುಂಭಾಗವನ್ನು ಮುಚ್ಚುತ್ತದೆ, ಸಿ ಕಾಲಿನ ಸುತ್ತಲೂ ಬರುತ್ತದೆ. ನೆಲದ ಮೇಲೆ ನಿಂತು ಸೌದೆ ಕೊಯ್ಯುವವರಿಗೆ ಎ ಸಾಕು. ಸಿ ಮಾದರಿಯನ್ನು ಮಲೆನಾಡಿನ ಏಪ್ರಿಲ್‌ನಲ್ಲಿ ತೊಡುವ ಯೋಚನೆಯೇ ಬೇಡ, ಚಳಿಗಾಲದ ಇಲ್ಲಿಯೇ ಅದರೊಳಗೆ ಬೆವರು ಇಳಿಯುತ್ತದೆ.

ತೋಟದಮನೆ (ಸಾಗರ)

ಎಲ್ಲರಿಗೂ ಧನ್ಯವಾದಗಳು. ಅಡ್ಡೆಯನ್ನು ಈ ವಾರವೇ ಮಾಡಿಸುತ್ತೇನೆ, ಬಾರನ್ನೂ ಬದಲಾಯಿಸುತ್ತೇನೆ. ಒಂದನೆಯ ದರ್ಜೆಯ, ಎ ವಿನ್ಯಾಸದ ಏಪ್ರನ್ ಮಾದರಿಯನ್ನು ಶಿವಮೊಗ್ಗದ ಅಂಗಡಿಯೊಂದರಲ್ಲಿ ತರಿಸಿಕೊಡುವುದಾಗಿ ಹೇಳಿದ್ದಾರೆ. ಇನ್ನು ಎರಡು ವಿಷಯ ಉಳಿದಿವೆ. ಕವಚಕ್ಕೆ ಎಣ್ಣೆ, ಮರದ ಅಂಟು ಹತ್ತಿದರೆ ತೊಳೆಯಬಹುದೇ? ಎರಡನೆಯದಾಗಿ, ಇಷ್ಟೆಲ್ಲ ಮಾಡಿಯೂ ಗಾಯವಾದರೆ ಮೊದಲು ಏನು ಮಾಡಬೇಕು? ನಮ್ಮ ಮನೆಯಿಂದ ಆಸ್ಪತ್ರೆ ದೂರ, ಬೆಟ್ಟದಲ್ಲಿ ಮೊಬೈಲ್ ಸಿಗ್ನಲ್ ಕೂಡ ಸರಿಯಾಗಿ ಇರುವುದಿಲ್ಲ.

ಶುಶ್ರೂಷಕಿ (ಉತ್ತರ ಕನ್ನಡ) ಬರೆದ ಉತ್ತರ

ತುರ್ತು ಚಿಕಿತ್ಸಾ ವಿಭಾಗದಲ್ಲಿ ಕೆಲಸ ಮಾಡುವವಳಾದ್ದರಿಂದ ಎರಡನೆಯ ಪ್ರಶ್ನೆಗೆ ಉತ್ತರಿಸುತ್ತೇನೆ. ಚೈನ್‌ಸಾ ಗಾಯ ಕತ್ತಿಯ ಗಾಯದಂತೆ ಇರುವುದಿಲ್ಲ. ಕತ್ತಿ ಸೀಳುತ್ತದೆ, ಅಂಚುಗಳನ್ನು ಕೂಡಿಸಿ ಹೊಲಿಯಬಹುದು; ಚೈನು ತನ್ನ ಅಗಲದಷ್ಟು ಮಾಂಸವನ್ನು ಕಿತ್ತು ತೆಗೆದುಕೊಂಡು ಹೋಗುತ್ತದೆ, ಜೊತೆಗೆ ಮರದ ಪುಡಿ, ಚೈನಿನ ಎಣ್ಣೆ, ಬಟ್ಟೆಯ ಚೂರುಗಳನ್ನು ಒಳಗೆ ತುಂಬುತ್ತದೆ. ಚೈನ್‌ಸಾ ಗಾಯಗಳಲ್ಲಿ ಹೆಚ್ಚಿನ ಪಾಲು ಕಾಲಿಗೆ ಮತ್ತು ಎಡಗೈಗೆ ಸೇರಿದ್ದು; ಬಲಗೈಯಲ್ಲಿ ಥ್ರಾಟಲ್ ಹಿಡಿದು ನಿಲ್ಲುವ ರೀತಿಯಿಂದಾಗಿ ಎಡಗಾಲು ಹೆಚ್ಚು ಸಿಗುತ್ತದೆ. ತೊಡೆಯ ಒಳಭಾಗದಲ್ಲಿಯೂ ಮೊಣಕಾಲಿನ ಹಿಂದೆಯೂ ದೊಡ್ಡ ಅಪಧಮನಿ ಹಾದುಹೋಗುತ್ತದೆ. ಅದು ತುಂಡಾದರೆ ಉಳಿಯುವುದು ಕೆಲವೇ ನಿಮಿಷಗಳು. 108ರ ಆಂಬುಲೆನ್ಸ್ ಎಷ್ಟೇ ಬೇಗ ಹೊರಟರೂ ಘಟ್ಟದ ದಾರಿಯಲ್ಲಿ ಅಷ್ಟರೊಳಗೆ ತಲುಪಲಾರದು, ಹಾಗಾಗಿ ರಕ್ತ ನಿಲ್ಲಿಸುವ ಕೆಲಸವನ್ನು ಪಕ್ಕದಲ್ಲಿ ಇರುವವರೇ ಮಾಡಬೇಕು.

ಸ್ವಚ್ಛವಾದ ಬಟ್ಟೆಯನ್ನು ಗಾಯದ ಮೇಲಿಟ್ಟು, ಎರಡೂ ಅಂಗೈಗಳಿಂದ ಮೈಭಾರ ಹಾಕಿ ಒತ್ತಿ ಹಿಡಿಯಿರಿ. ನೆನೆದರೆ ಆ ಬಟ್ಟೆಯನ್ನು ತೆಗೆಯದೆ ಅದರ ಮೇಲೆಯೇ ಇನ್ನೊಂದನ್ನು ಇಟ್ಟು ಒತ್ತಿ. ರಕ್ತ ಚಿಮ್ಮುತ್ತಿದ್ದರೆ, ಒತ್ತಿದರೂ ನಿಲ್ಲದಿದ್ದರೆ, ಗಾಯಕ್ಕಿಂತ ನಾಲ್ಕು ಬೆರಳು ಮೇಲೆ, ಕೀಲಿನ ಮೇಲೆ ಬಾರದಂತೆ, ಬಿಗಿಪಟ್ಟಿ ಹಾಕಬೇಕು. ತಯಾರಾದ ಟೂರ್ನಿಕೆ ಪಟ್ಟಿಯೊಂದನ್ನು ಕೊಂಡು ಚೈನ್‌ಸಾ ಪೆಟ್ಟಿಗೆಯಲ್ಲಿ ಇಡುವುದು ಉತ್ತಮ. ಅದಿಲ್ಲದಿದ್ದರೆ ಮೂರು ಬೆರಳಿನಷ್ಟು ಅಗಲದ ಗಟ್ಟಿ ಬಟ್ಟೆಯನ್ನು ಕಾಲಿಗೆ ಸುತ್ತಿ, ಗಂಟಿನಲ್ಲಿ ಗಟ್ಟಿಯಾದ ಕೋಲು ಸಿಕ್ಕಿಸಿ, ರಕ್ತ ನಿಲ್ಲುವವರೆಗೆ ತಿರುಚಿ ಕಟ್ಟಬೇಕು. ತಂತಿ, ತೆಳುವಾದ ಹಗ್ಗ, ಅಡಿಕೆ ಕೊನೆ ಇಳಿಸುವ ದಾರ ಇವುಗಳನ್ನು ಬಳಸಬಾರದು. ಕಟ್ಟಿದ ಸಮಯವನ್ನು ಬರೆದಿಟ್ಟು ಆಸ್ಪತ್ರೆಯಲ್ಲಿ ಹೇಳಿ. ಕನಿಕರಪಟ್ಟು ದಾರಿಯಲ್ಲಿ ಸಡಿಲಿಸಬೇಡಿ.

ಗಾಯಕ್ಕೆ ಅರಿಶಿನ, ಕಾಫಿಪುಡಿ ಮೆತ್ತಿ ಕರೆತರುವುದು ಈಗಲೂ ನಿಂತಿಲ್ಲ. ಅದನ್ನೆಲ್ಲ ತೊಳೆದು ತೆಗೆಯುವುದರಲ್ಲಿಯೇ ಬಹಳ ಹೊತ್ತು ಕಳೆಯುತ್ತದೆ. ಶಸ್ತ್ರಚಿಕಿತ್ಸೆ ಬೇಕಾಗಬಹುದಾದ್ದರಿಂದ ಕುಡಿಯಲು, ತಿನ್ನಲು ಕೊಡಬೇಡಿ. ಗಾಯ ಚಿಕ್ಕದಿದ್ದರೂ ಧನುರ್ವಾಯುವಿನ ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಲೇಬೇಕು. ಸಿಗ್ನಲ್ ಇಲ್ಲದ ಜಾಗದಲ್ಲಿ ಕೊಯ್ಯುವುದಾದರೆ ಕೂಗಿದರೆ ಕೇಳುವಷ್ಟು ಹತ್ತಿರ ಇನ್ನೊಬ್ಬರು ಇರಲಿ. ಗಾಡಿಯ ಕೀಲಿ ಎಲ್ಲಿದೆ, ಸಿಗ್ನಲ್ ಎಲ್ಲಿ ಸಿಗುತ್ತದೆ ಎಂಬುದು ಅವರಿಗೆ ಗೊತ್ತಿರಲಿ.

ಹಳೆಕೊಡಲಿ (ತೀರ್ಥಹಳ್ಳಿ)

ಇಳಿಜಾರಿನಲ್ಲಿ ಮರ ಕೆಡಹುವ ಕೆಲಸದ ಬಗ್ಗೆ ನನ್ನ ಅಭಿಪ್ರಾಯ ಹಾಗೆಯೇ ಇದೆ. ರಾಶಿ ಸೌದೆಗೆ ಕವಚ ಬೇಡವೆಂದು ನಾನು ವಾದಿಸುವುದಿಲ್ಲ.

ಕಾಫಿಬೆಟ್ಟ (ಕೊಡಗು)

ತೊಳೆಯುವ ಪ್ರಶ್ನೆ ಉಳಿಯಿತು. ತೊಳೆಯಬಹುದು ಮಾತ್ರವಲ್ಲ, ತೊಳೆಯಲೇಬೇಕು. ಎಣ್ಣೆ, ಅಂಟು, ಬೆವರು ಸೇರಿ ಒಳಗಿನ ಎಳೆಗಳು ಒಂದಕ್ಕೊಂದು ಅಂಟಿ ಚಾಪೆಯಂತಾದರೆ ಚೈನು ಅವನ್ನು ಎಳೆದುಕೊಳ್ಳಲಾರದು, ಕೊಯ್ದುಕೊಂಡು ಹೋಗುತ್ತದೆ. ತಣ್ಣೀರು ಅಥವಾ ಉಗುರುಬೆಚ್ಚನೆಯ ನೀರಿನಲ್ಲಿ ಸೌಮ್ಯವಾದ ಸೋಪು ಹಾಕಿ ಕೈಯಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ. ಬ್ಲೀಚಿಂಗ್ ಪುಡಿ, ಇಸ್ತ್ರಿ, ಬಟ್ಟೆ ಒಗೆಯುವ ಕಲ್ಲಿಗೆ ಬಡಿಯುವುದು ಯಾವುದೂ ಬೇಡ. ಪೆಟ್ರೋಲಿನಿಂದ ಕಲೆ ಒರೆಸಲು ಹೋಗಬೇಡಿ, ಬಿಸಿ ಸೈಲೆನ್ಸರಿನ ಪಕ್ಕದಲ್ಲಿ ನಿಲ್ಲುವ ಬಟ್ಟೆ ಅದು. ಮುಳ್ಳು ಸಿಕ್ಕಿ ಹೊರಬಟ್ಟೆ ಮಾತ್ರ ಹರಿದಿದ್ದರೆ ಅದಕ್ಕೆ ತೇಪೆ ಹಾಕಬಹುದು, ಆದರೆ ಸೂಜಿ ಒಳಪದರಕ್ಕೆ ಇಳಿಯಬಾರದು. ಒಳಪದರಕ್ಕೆ ಹೊಲಿಗೆ ಬಿದ್ದರೆ ಎಳೆಗಳು ಅಲ್ಲಿಯೇ ಕಟ್ಟಿಹಾಕಿದಂತಾಗುತ್ತವೆ. ಇದನ್ನು ತಿಳಿಯದೆ ದರ್ಜಿಗೆ ಕೊಟ್ಟರೆ ಅವರು ಗಟ್ಟಿಯಾಗಿರಲಿ ಎಂದು ಎರಡೆರಡು ಸಾಲು ಹೊಲಿದು ಕೊಡುತ್ತಾರೆ! ಮಳೆಗಾಲದಲ್ಲಿ ಇಲಿ ಕಡಿಯದ, ಬೂಸಲು ಹಿಡಿಯದ ಜಾಗದಲ್ಲಿ ಗಳಕ್ಕೆ ನೇತುಹಾಕಿ ಇಡಿ.

ನಿಮ್ಮ ಕೆಲಸದವರು ಹಾಕಿಕೊಳ್ಳಲು ಒಪ್ಪುತ್ತಾರೆಯೇ ಎಂಬುದನ್ನು ನೀವು ಕೇಳಲಿಲ್ಲ, ಆದರೆ ಆ ತೊಡಕು ಬಂದೇ ಬರುತ್ತದೆ. ನಮ್ಮಲ್ಲಿ ಅದು ಸರಿಹೋದದ್ದು ಮಾತಿನಿಂದಲ್ಲ. ಮೊದಲು ತೋಟದ ಯಜಮಾನರು ತಾವು ಯಂತ್ರ ಹಿಡಿದಾಗಲೆಲ್ಲ ಕಟ್ಟಿಕೊಳ್ಳತೊಡಗಿದರು. ಬೆಳಿಗ್ಗೆ ಬೇಗ ಶುರು ಮಾಡಿ ಬಿಸಿಲೇರುವ ಮೊದಲು ಯಂತ್ರ ನಿಲ್ಲಿಸುವುದು, ಉಳಿದ ಹೊತ್ತಿನಲ್ಲಿ ಸೀಳುವುದು, ಪೇರಿಸುವುದು ಎಂದಾಯಿತು. ಕೂಲಿಯನ್ನು ತುಂಡಿನ ಲೆಕ್ಕದಿಂದ ದಿನದ ಲೆಕ್ಕಕ್ಕೆ ತಂದದ್ದರಿಂದ ಬಕಲ್ ಹಾಕುವ ಎರಡು ನಿಮಿಷ ಯಾರಿಗೂ ನಷ್ಟವೆನಿಸಲಿಲ್ಲ. ಚೈನ್‌ಸಾ, ಕವಚ, ಗಂಬೂಟು ಮೂರನ್ನೂ ಒಂದೇ ಗೂಟಕ್ಕೆ ತೂಗುಹಾಕಿದ್ದೇವೆ. ನಿಮ್ಮ ಮತ್ತು ಅವರ ಎತ್ತರದಲ್ಲಿ ವ್ಯತ್ಯಾಸವಿದ್ದರೆ ಅಂಗಡಿಯವರಿಗೆ ಅವರ ಅಳತೆಯನ್ನೇ ಕೊಡಿ, ಯಂತ್ರ ಹೆಚ್ಚು ಹೊತ್ತು ಇರುವುದು ಅವರ ಕೈಯಲ್ಲಿ. ಹವಾಯಿ ಚಪ್ಪಲಿಯ ಬದಲು, ಮುಂಗಾಲಿನಲ್ಲಿ ಉಕ್ಕಿನ ಟೋಪಿ ಇರುವ ಬೂಟನ್ನೂ ಅದರ ಜೊತೆಯಲ್ಲಿಯೇ ತರಿಸಿಬಿಡಿ. ಕವಚ ಮುಗಿಯುವ ಜಾಗದಿಂದ ಕೆಳಗೆ ಪಾದ ಇದ್ದೇ ಇರುತ್ತದೆ.